ಮೊದಲು ಬಂದವರೇ ಬಡವರು

ನಾನು ಗಡಿಯಾರ ರಿಪೇರಿಯವನು. ಇನ್ನೊಬ್ಬರ ಮನೆಯ ವಿಷಯದಲ್ಲಿ ಮೂಗು ತೂರಿಸುವ ಚಾಳಿ ನನಗಿಲ್ಲ. ಆದರೆ ನಾನಿರುವ ಶೆಡ್ಡಿಗೂ ಪಕ್ಕದ ಮನೆಗೂ ನಡುವೆ ಇರುವುದು ಬರೀ ಒಂದು ಹಲಗೆಯ ಗೋಡೆ. ಮೂಗನ್ನೇನೋ ನನ್ನ ಕಡೆಯೇ ಇಟ್ಟುಕೊಂಡಿದ್ದೇನೆ, ಕಿವಿಯನ್ನು ಎಲ್ಲಿಡಲಿ? ಹಾಗಾಗಿ ಈ ಕೇಸು ನನಗೆ ನ್ಯಾಯಾಧೀಶರಿಗಿಂತ ಚೆನ್ನಾಗಿ ಗೊತ್ತು. ಅವರಿಗೆ ಗೊತ್ತಾದದ್ದು ಒಂದು ಬೆಳಿಗ್ಗೆಯಲ್ಲಿ, ನನಗೆ ಒಂಬತ್ತು ವರ್ಷದಲ್ಲಿ.

ಮನೆ ದೊಡ್ಡಮ್ಮನದು. ಅವರು ಯಾರಿಗೂ ಸಂಬಂಧದಲ್ಲಿ ದೊಡ್ಡಮ್ಮನಲ್ಲ, ಬೀದಿಗೆಲ್ಲ ದೊಡ್ಡಮ್ಮ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ತೀರಿಹೋದ ಗಂಡ ಕಟ್ಟಿಸಿದ ಈ ಮನೆಯ ಮಹಡಿಯಲ್ಲಿ ಒಬ್ಬರೇ ಇದ್ದರು. ಕೆಳಗಿನ ಮನೆಯಲ್ಲಿ ಸೆಕ್ಷನಪ್ಪ, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಹಿಂದಿನ ಶೆಡ್ಡಿನಲ್ಲಿ ನಾನು, ಮತ್ತು ಯಾವುದೂ ಸರಿಯಾದ ಹೊತ್ತು ತೋರಿಸದ ಊರಿನವರ ಗಡಿಯಾರಗಳು.

ಸೆಕ್ಷನಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಅವನು ಪುಸ್ತಕ ಬೈಂಡು ಮಾಡುವವನು. ವಕೀಲರ ಆಫೀಸುಗಳಿಂದ ಕಿತ್ತುಹೋದ ಕಾನೂನು ಪುಸ್ತಕಗಳು ಅವನಲ್ಲಿಗೆ ಬರುತ್ತಿದ್ದವು. ಹೊಲಿದು, ಅಂಟು ಹಚ್ಚಿ, ಕಬ್ಬಿಣದ ಪ್ರೆಸ್ಸಿನಲ್ಲಿಟ್ಟು ತಿರುಗಿಸಿ, ಅಂಟು ಆರುವವರೆಗೆ ಪಕ್ಕದ ಕಂತೆಯಲ್ಲಿ ಯಾವ ಪುಟ ಮೇಲಿರುತ್ತದೋ ಅದನ್ನು ಓದುತ್ತ ಕೂರುತ್ತಿದ್ದ. ಮೇಲಿರುವುದು ಸಾಮಾನ್ಯವಾಗಿ ಮೊದಲ ಪುಟ. ಹೀಗಾಗಿ ಅವನಿಗೆ ನೂರಾರು ಮೊಕದ್ದಮೆಗಳ ಆರಂಭ ಬಾಯಿಪಾಠವಾಗಿತ್ತು. ಅವು ಹೇಗೆ ಮುಗಿದವು ಎಂಬುದು ಮಾತ್ರ ಒಂದರದ್ದೂ ಗೊತ್ತಿರಲಿಲ್ಲ. ಇಷ್ಟು ವಿದ್ಯೆ ಒಬ್ಬ ಮನುಷ್ಯನನ್ನು ಕೆಡಿಸಲು ಧಾರಾಳವಾಗಿ ಸಾಕು.

ನಲ್ಲಿಯಲ್ಲಿ ನೀರು ಬರದಿದ್ದರೆ ಅವನು ಸೆಕ್ಷನ್ ಹೇಳುತ್ತಿದ್ದ. ಹಾಲಿನವನು ತಡವಾಗಿ ಬಂದರೆ ಅದಕ್ಕೊಂದು ಸೆಕ್ಷನ್. ನನಗೂ ಅವನಿಗೂ ನಡುವೆ ಹಳೆಯ ಮುನಿಸಿತ್ತು. ಅವನು ಪುಸ್ತಕದ ಬೆನ್ನಿಗೆ ಸುತ್ತಿಗೆ ಹಾಕಿದಾಗಲೆಲ್ಲ ಹಲಗೆ ಅದುರಿ ನನ್ನ ಮೇಜಿನ ಮೇಲಿನ ಸ್ಪ್ರಿಂಗು ಹಾರಿಹೋಗುತ್ತಿತ್ತು. ಒಮ್ಮೆ ಹೋಗಿ ಕೇಳಿದೆ. "ಶಬ್ದಕ್ಕೆ ಸೆಕ್ಷನ್ ಇದೆ, ಸ್ಪ್ರಿಂಗಿಗೆ ಇಲ್ಲ" ಅಂದ. ಅವತ್ತಿನಿಂದ ಅವನು ಹೊತ್ತು ಕೇಳಿದರೂ ನಾನು ಹೇಳುತ್ತಿರಲಿಲ್ಲ.

ದೊಡ್ಡಮ್ಮನ ಮೊಣಕಾಲಿನ ವಿಷಯ ಶುರುವಾಗಿ ಎರಡು ವರ್ಷವಾಗಿತ್ತು. ಮಹಡಿಗೆ ಹತ್ತುವುದು ಹೊರಗಿನ ಮರದ ಮೆಟ್ಟಿಲಿನಿಂದ. ಅವರು ಅಂಗಳದಲ್ಲಿ ನಿಂತು ಅವನ ಬಾಗಿಲಿಗೆ ಬಗ್ಗಿ ಹೇಳುವುದು ನನಗೆ ಕೇಳಿಸುತ್ತಿತ್ತು. "ಅಪ್ಪಾ, ಮೊಣಕಾಲು ಹಿಡ್ಕೊಂಡ್ಬಿಟ್ಟಿದೆ. ಮೆಟ್ಟಿಲು ಹತ್ತೋಕಾಗ್ತಿಲ್ಲ. ಈ ಕೆಳಗಿನ ಮನೆ ಇದೆಯಲ್ಲ..."

"ಮೆಟ್ಟಿಲು ಎಷ್ಟು ಎತ್ತರ ಇರಬೇಕು ಅನ್ನೋದಕ್ಕೂ ಕಾನೂನಿದೆ ದೊಡ್ಡಮ್ಮ," ಎಂದು ಇವನು ಶುರುಮಾಡುತ್ತಿದ್ದ. ದೊಡ್ಡಮ್ಮ ಒಳ್ಳೆಯವರು, ಪೂರ್ತಿ ಕೇಳುತ್ತಿದ್ದರು. ಕೇಳಿ ಮುಗಿಯುವಷ್ಟರಲ್ಲಿ ನಿಂತು ನಿಂತು ಮೊಣಕಾಲು ಇನ್ನಷ್ಟು ಊದಿರುತ್ತಿತ್ತು. ಮೂರನೆಯ ಸಲ ಅವರು, "ಬಾಡಿಗೆಗೆ ಕೊಟ್ಟ ಜಾಗ ವಾಪಸ್ ಬೇಕು ಅಂದ್ರೆ ಏನಪ್ಪ ಮಾಡೋದು?" ಎಂದು ಸುತ್ತಿ ಬಳಸಿ ಕೇಳಿದರು. "ಕಾನೂನು ಪ್ರಕಾರ ಹೋಗ್ಬೇಕು," ಅಂದ ಸೆಕ್ಷನಪ್ಪ. "ಬಡವರಿಗೆ ಸರ್ಕಾರನೇ ವಕೀಲರನ್ನ ಇಟ್ಟಿದೆ. ಕಾನೂನು ನೆರವು ಕಚೇರಿ ಅಂತ. ಅಲ್ಲಿಗೆ ಹೋಗಿ."

ದೊಡ್ಡಮ್ಮ ಹಳೆಯ ಕಾಲದವರು. ಹೇಳಿದ ಮಾತು ಕೇಳುವ ಅಭ್ಯಾಸ. ಹೋದರು.

ಒಂದು ವಾರದ ಮೇಲೆ ಮಧ್ಯಾಹ್ನ ಕೈಯಲ್ಲಿ ಫಾರಂ ಹಿಡಿದು ಅವನ ಮನೆಗೆ ಬಂದರು.

"ಏನಪ್ಪ, ಪುರುಸೊತ್ತಿದೆಯಾ?"

"ನ್ಯಾಯ ಕೇಳ್ಕೊಂಡು ಬಂದವರಿಗೆ ಪುರುಸೊತ್ತಿಲ್ಲ ಅನ್ನೋಕಾಗುತ್ತಾ? ಕೂತ್ಕೊಳ್ಳಿ ದೊಡ್ಡಮ್ಮ."

"ಬಿಟ್ಟಿ ವಕೀಲರು ಬೇಕಂದ್ರೆ ಇದನ್ನ ತುಂಬಿಸ್ಕೊಂಡು ಬನ್ನಿ ಅಂದ್ರು. ನನಗೆ ಬರೆಯೋಕೆ ಬರಲ್ಲ. ಬೀದಿಯಲ್ಲಿ ಬರೆಯೋನು ನೀನೊಬ್ಬನೇ. ಅದಕ್ಕೇ..."

"ಸರಿಯಾದ ಕಡೆಗೇ ಬಂದಿದೀರಿ. ಜಾಗ ಬಿಡಿ ಅಂತ ಬಾಯಲ್ಲಿ ಹೇಳಿ ನೋಡಿದ್ರಾ?"

"ಹೇಳ್ದೆನಪ್ಪ. ಮೂರು ಸಲ."

"ಏನಂದ?"

"ಕಿವಿಗೇ ಹಾಕ್ಕೊಳ್ಳಲಿಲ್ಲ."

"ಎಂಥ ಜನ ಇರ್ತಾರೆ ನೋಡಿ," ಎಂದ ಸೆಕ್ಷನಪ್ಪ. ಪೆನ್ನಿನ ಮುಚ್ಚಳ ತೆಗೆದ ಸದ್ದು ನನಗೆ ಕೇಳಿಸಿತು. "ಎದುರುದಾರರ ಹೆಸರು?"

"ಅದನ್ನ ಖಾಲಿ ಬಿಡಪ್ಪ. ಆಫೀಸಲ್ಲಿ ಬರೆಸ್ತೀನಿ. ನಿನ್ನ ಕೈಲೇ ಬರೆಸೋದು ಅಂದ್ರೆ ನನಗೊಂಥರಾ ಆಗುತ್ತೆ."

"ಅರ್ಥವಾಯ್ತು." ಅವನ ದನಿ ಇಳಿಯಿತು. ಹಲಗೆಯ ಗೋಡೆಯ ಕಡೆಗೆ ಹುಬ್ಬು ಹಾರಿಸಿದನಂತೆ, ಇದನ್ನು ಎಷ್ಟೋ ದಿನದ ಮೇಲೆ ಅವನ ಹೆಂಡತಿ ನನಗೆ ಹೇಳಿದ್ದು. ಅವನೇ ಮುಂದುವರಿಸಿದ. "ಹತ್ತಿರದವನೇ. ದಿನಾ ಮುಖ ನೋಡ್ಬೇಕಾದವನು. ಬೇಡ ಬಿಡಿ. ಹೆಸರು ಮುಖ್ಯ ಅಲ್ಲ ದೊಡ್ಡಮ್ಮ, ಅನ್ಯಾಯ ಮುಖ್ಯ. ಮನುಷ್ಯ ಹೇಗೆ? ಕೆಟ್ಟವನಾ?"

"ಛೆ ಛೆ, ಕೆಟ್ಟವನಲ್ಲ. ಬಾಡಿಗೆ ಸರಿಯಾಗಿ ಕೊಡ್ತಾನೆ. ಯಾವಾಗ್ಲೂ ಟಕಟಕ ಅಂತ ಒಂದು ಸದ್ದು, ಅಷ್ಟೇ."

"ಗೊತ್ತು, ಗೊತ್ತು," ಎಂದ ಸೆಕ್ಷನಪ್ಪ. ಟಕಟಕ ಎನ್ನುವುದು ಗಡಿಯಾರ ಎಂಬುದರಲ್ಲಿ ಅವನಿಗೆ ಸಂಶಯವೇ ಉಳಿಯಲಿಲ್ಲ. ಸುತ್ತಿಗೆ ಅವನ ಮಡಿಲಲ್ಲೇ ಇತ್ತು.

ಆಮೇಲೆ ಅವನು ಬರೆದ. ಬರೆಯುತ್ತ ಗಟ್ಟಿಯಾಗಿ ಓದಿದ. "ವೃದ್ಧೆಯ ನಿಟ್ಟುಸಿರು ದಿನವೂ ತನ್ನ ನೆತ್ತಿಯ ಮೇಲೆಯೇ ಹಾದುಹೋದರೂ ತಲೆಯೆತ್ತಿ ನೋಡದ, ಕಿವಿಯಿದ್ದೂ ಕಿವುಡನಾದ, ಕಲ್ಲಿಗೆ ಕೈಕಾಲು ಮೂಡಿದಂತಿರುವ ಸದರಿ ಬಾಡಿಗೆದಾರನು..." ಒಂದು ಪುಟದ ಜಾಗದಲ್ಲಿ ನಾಲ್ಕು ಪುಟ ಆಯಿತು. ದೊಡ್ಡಮ್ಮ ನಡುವೆ, "ಅಷ್ಟೊಂದು ಬೇಡ ಕಣಪ್ಪ, ಪಾಪ," ಅಂದರು. "ಇಷ್ಟೂ ಇಲ್ದಿದ್ರೆ ವಕೀಲರು ಸಿಗಲ್ಲ ದೊಡ್ಡಮ್ಮ, ನಿಮಗೆ ಗೊತ್ತಿಲ್ಲ," ಎಂದು ಅವನು ಐದನೆಯ ಹಾಳೆ ಕೇಳಿದ.

ದೊಡ್ಡಮ್ಮ ಹೋದ ಮೇಲೆ ಹೆಂಡತಿ ಕೇಳಿದಳು. "ರೀ, ಯಾರನ್ನ ಬಿಡಿಸ್ತಿದ್ದಾರೆ ಅಂತ ಒಂದು ಮಾತು ಕೇಳಬಾರದಿತ್ತಾ?"

"ಕಕ್ಷಿದಾರರ ಗುಟ್ಟು ಕಣೆ. ನಿನಗೆ ಹೇಳೋ ಹಾಗಿಲ್ಲ."

"ನಿಮಗೆ ಗೊತ್ತಿದ್ರೆ ತಾನೇ ಹೇಳೋದು."

ಈ ಹೆಂಗಸಿಗೆ ಕಾನೂನು ಒಂದಕ್ಷರ ಗೊತ್ತಿಲ್ಲ. ಆ ಮನೆಯಲ್ಲಿ ಬುದ್ಧಿಯನ್ನು ಕಾಪಾಡಿದ್ದೇ ಅದು ಎಂದು ನನಗೆ ಅನ್ನಿಸುತ್ತದೆ.

ಮರುದಿನದಿಂದ ಸೆಕ್ಷನಪ್ಪ ನನ್ನ ಮೇಲೆ ಕರುಣೆ ತೋರಿಸಲು ತೊಡಗಿದ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಒಳಗೆ ಕಾಲಿಡದವನು ಶೆಡ್ಡಿನ ಬಾಗಿಲಲ್ಲಿ ನಿಂತು ಸುತ್ತಲೂ ನೋಡಿ ನಿಟ್ಟುಸಿರು ಬಿಟ್ಟ.

"ಎಷ್ಟು ವರ್ಷ ಆಯ್ತು ನೀವಿಲ್ಲಿಗೆ ಬಂದು?"

"ನಿಮಗಿಂತ ಎರಡು ವರ್ಷ ಮೊದಲು."

"ಮನುಷ್ಯ ಯಾವ ಜಾಗಕ್ಕೂ ಅಂಟ್ಕೋಬಾರದು ನೋಡಿ."

"ಅಂಟಿನ ಕೆಲಸ ನಿಮ್ಮದಲ್ವಾ," ಅಂದೆ. ಅವನು ನಗಲಿಲ್ಲ. ನಗದಿದ್ದುದು ನೋಡಿ ನನಗೆ ಮೊದಲ ಸಲ ಭಯವಾಯಿತು. ಎರಡು ದಿನ ಬಿಟ್ಟು ಮತ್ತೆ ಬಂದ. ಪೇಟೆಯ ಹಿಂದೆ ಒಂದು ಗೋದಾಮಿನ ಮೂಲೆ ಖಾಲಿ ಇದೆಯಂತೆ, ಸ್ವಲ್ಪ ತೇವ, ಆದರೆ ಒಂಟಿ ಮನುಷ್ಯನಿಗೆ ಸಾಕು ಎಂದ. ಯಾಕೆ ಹೇಳುತ್ತಿದ್ದೀರಿ ಎಂದು ಕೇಳಿದರೆ, "ನನ್ನ ಬಾಯಿಂದ ಹೇಳೋ ಹಾಗಿಲ್ಲ. ವೃತ್ತಿಧರ್ಮ," ಎಂದು ಕಣ್ಣು ಒರೆಸಿಕೊಂಡು ಹೋದ.

ಅವನ ವೃತ್ತಿ ಅಂಟು ಹಚ್ಚುವುದು, ಅದಕ್ಕೆಂಥ ಧರ್ಮ ಎಂದು ನಾನು ಆಗ ಯೋಚಿಸಬೇಕಿತ್ತು. ಆದರೆ ಹೆದರಿದವನಿಗೆ ಬುದ್ಧಿ ಓಡುವುದಿಲ್ಲ. ದೊಡ್ಡಮ್ಮ ಅರ್ಜಿ ಬರೆಸಿದ್ದು ಕೇಳಿದ್ದೆ. ಕೆಳಗಿನ ಜಾಗ ಬೇಕು ಎಂದದ್ದೂ ಕೇಳಿದ್ದೆ. ಶೆಡ್ಡೂ ಕೆಳಗೇ ಇದೆಯಲ್ಲ. ಟಕಟಕ ಸದ್ದಂತೂ ಸರಿಯೇ ಸರಿ. ಗೋದಾಮಿನ ಮೂಲೆ ನೋಡಿಕೊಂಡು ಬಂದೆ, ಅಲ್ಲಿ ಗಡಿಯಾರಕ್ಕಲ್ಲ, ನನಗೇ ತುಕ್ಕು ಹಿಡಿಯುವ ಹಾಗಿತ್ತು. ಹನ್ನೊಂದು ಗೋಡೆ ಗಡಿಯಾರ ಇಳಿಸಿ ಕಾಗದದಲ್ಲಿ ಸುತ್ತಿಟ್ಟೆ. ಬೀದಿಯವರು ಒಬ್ಬೊಬ್ಬರಾಗಿ ಬಂದು, "ಹೋಗ್ತಿದೀರಂತೆ, ಪಾಪ," ಎಂದು ಹೇಳಿ, ರಿಪೇರಿಗೆ ಕೊಟ್ಟ ತಮ್ಮ ಗಡಿಯಾರ ವಾಪಸ್ ತೆಗೆದುಕೊಂಡು ಹೋದರು.

ಹೀಗಿರುವಾಗ ಕೋರ್ಟಿನಿಂದ ನೋಟೀಸು ತಂದವನು ಬಂದ. ಸೆಕ್ಷನಪ್ಪ ಅಂಗಳದಲ್ಲೇ ಇದ್ದ. ಅವನನ್ನು ಬಾಗಿಲು ತಟ್ಟಲೂ ಬಿಡದೆ, "ಇಲ್ಲಿ ಕೊಡಿ, ಇಲ್ಲಿ ಕೊಡಿ. ಅವರಿಗೆ ಒಮ್ಮೆಗೇ ಕೊಟ್ರೆ ಎದೆ ಒಡೆದುಕೊಳ್ತಾರೆ, ನಾನು ಸಮಾಧಾನವಾಗಿ ತಿಳಿಸ್ತೀನಿ," ಎಂದು ಉದ್ದನೆಯ ರುಜು ಹಾಕಿ ತೆಗೆದುಕೊಂಡ. ನೇರವಾಗಿ ನನ್ನ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತ.

"ಧೈರ್ಯ ತಂದ್ಕೊಳ್ಳಿ. ಓದಿ ಹೇಳ್ತೀನಿ."

ಓದಿದ. ಮೇಲಿನ ಹೆಸರು, ವಿಳಾಸ ತನಗೆ ಗೊತ್ತೇ ಇದೆ ಎಂದು ಹಾರಿಸಿಬಿಟ್ಟ. ಅದರ ಜೊತೆ ಲಗತ್ತಿಸಿದ್ದ ಅವನದೇ ಅರ್ಜಿಯನ್ನೂ ಓದಿದ. ಕಲ್ಲಿಗೆ ಕೈಕಾಲು ಮೂಡಿದ ಕಡೆ ಬಂದಾಗ ನಿಲ್ಲಿಸಿ, "ಭಾಷೆ ನೋಡಿ ಹೇಗಿದೆ," ಎಂದ. ನಾನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯದೆ ಬಗ್ಗಿ ಆ ಕಾಗದ ನೋಡಿದೆ. ಭೂತಗನ್ನಡಿಯಲ್ಲಿ ಅಕ್ಷರಗಳು ಹೆಬ್ಬೆರಳಿನಷ್ಟು ದಪ್ಪ ಕಂಡವು.

"ರೀ," ಅಂದೆ, "ಇದರಲ್ಲಿ ನಿಮ್ಮ ಹೆಸರಿದೆಯಲ್ರೀ."

"ಬರೆದವರ ಹೆಸರು ಹಾಕಿರ್ತಾರೆ."

"ಬರೆದವರದಲ್ಲ. ಪ್ರತಿವಾದಿ ಅಂತ ಇದೆ. ಬೈಂಡರ್, ಕೆಳಗಿನ ಮನೆ, ಅಂತ ಇದೆ."

ಅವನು ಕಾಗದವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ, ತಿರುಗಿಸಿ ಬೆನ್ನು ನೋಡಿದ. ಆಮೇಲೆ ಬಹಳ ಹೊತ್ತು ನನ್ನನ್ನೇ ನೋಡಿದ, ಆ ಹೆಸರು ಅಲ್ಲಿ ಬರುವುದಕ್ಕೆ ನಾನೇ ಕಾರಣ ಎಂಬ ಹಾಗೆ. ನನಗೆ ಸಂತೋಷವಾಯಿತು ಎಂದು ಹೇಳಿದರೆ ನಾಚಿಕೆಗೇಡು. ಆದರೆ ಆಯಿತು. ಆಗದೆ ಇರಲು ನಾನೇನು ಸನ್ಯಾಸಿಯೇ?

ಅವನು ಮೆಟ್ಟಿಲು ಹತ್ತಿದ. ಎರಡನೆಯ ಪುಟದಲ್ಲಿ ನನ್ನ ಹೆಸರೂ ಇದ್ದೀತು ಎಂಬ ಸಣ್ಣ ಅನುಮಾನವಿದ್ದುದರಿಂದ ನಾನೂ ಹಿಂದೆ ಹತ್ತಿದೆ.

"ದೊಡ್ಡಮ್ಮ, ನನ್ನನ್ನಾ?"

"ಮತ್ತೆ ಯಾರನ್ನಪ್ಪ?" ದೊಡ್ಡಮ್ಮನಿಗೆ ನಿಜವಾಗಿ ಆಶ್ಚರ್ಯ. "ನೀನೇ ಅಷ್ಟು ಚೆನ್ನಾಗಿ ಬರ್ಕೊಟ್ಯಲ್ಲ. ನಾನಂತೂ ಅವತ್ತು ಬಂದು ಅತ್ತೆ. ತನ್ನ ಮೇಲೆ ತಾನೇ ಇಷ್ಟು ಕೆಟ್ಟದಾಗಿ ಬರೆದ್ಕೊಳ್ಳೋ ಮನಸ್ಸು ಯಾರಿಗಿರುತ್ತೆ, ಎಂಥ ದೊಡ್ಡ ಗುಣ ಅಂದ್ಕೊಂಡೆ. ಕೂತ್ಕೋ, ನಾನು ಹೇಳ್ಬೇಕಂತ ಇದ್ದಿದ್ದು ಏನಂದ್ರೆ, ನೀವೆಲ್ಲ..."

ಅವನು ಎರಡೂ ಕೈ ಎತ್ತಿ ತಡೆದ. "ಬೇಡ ದೊಡ್ಡಮ್ಮ. ನಾವೀಗ ಎದುರು ಕಕ್ಷಿಗಳು. ವಕೀಲರಿಲ್ಲದೆ ಮಾತಾಡೋ ಹಾಗಿಲ್ಲ."

ಅಂದು ಸಂಜೆ ಹಲಗೆಯಾಚೆ ಅವನ ಹೆಂಡತಿ ಅತ್ತಳು. ಅಳುವ ಹೆಂಗಸಲ್ಲ ಅವಳು. "ಸುತ್ತಿಗೆ ಸದ್ದು ಅಂತ ಮೂರು ಮನೆಯವರು ಓಡಿಸಿದ್ರು. ಆ ಕಬ್ಬಿಣದ ಪ್ರೆಸ್ ನೋಡಿದ್ರೆ ಯಾರೂ ಮನೆ ಕೊಡಲ್ಲ. ಈ ದೊಡ್ಡಮ್ಮ ಒಬ್ಬರು ಒಂಬತ್ತು ವರ್ಷ ಇಟ್ಕೊಂಡ್ರು. ಈಗ ಮಕ್ಕಳನ್ನ ಕರ್ಕೊಂಡು ಎಲ್ಲಿಗ್ರೀ ಹೋಗೋದು? ಪ್ರೆಸ್ ಬಿಟ್ಟು ಹೋದ್ರೆ ಏನು ತಿನ್ನೋದು?" ಅವನು ಅವತ್ತು ಒಂದೂ ಸೆಕ್ಷನ್ ಹೇಳಲಿಲ್ಲ. ನನಗೆ ಆಗ ಆ ಸಂತೋಷ ಇಳಿದುಹೋಯಿತು.

ಬೆಳಿಗ್ಗೆ ಅವಳು ಶೆಡ್ಡಿಗೆ ಬಂದಳು. "ಅಣ್ಣಾ, ಇವರು ಆ ನೆರವಿನ ಕಚೇರಿಗೆ ಹೋಗ್ತಾರಂತೆ. ನೀವೂ ಜೊತೆಗೆ ಹೋಗಿ. ಒಬ್ಬರನ್ನೇ ಬಿಟ್ರೆ ಅಲ್ಲಿ ಇನ್ನೊಂದು ಅರ್ಜಿ ಬರ್ದುಕೊಟ್ಟು ಬಂದಾರು."

ಕಾನೂನು ನೆರವು ಕಚೇರಿ ಒಂದು ಹಳೆಯ ಕಟ್ಟಡದ ಮೊದಲ ಮಹಡಿ. ವಕೀಲರಿಗೆ ಎರಡು ಮೇಜು, ಎರಡು ಕುರ್ಚಿ. ಒಂದು ಕುರ್ಚಿಯ ಮೇಲೆ ವಕೀಲೆಯ ಕೋಟು, ಇನ್ನೊಂದರ ಮೇಲೆ ಎದೆಯೆತ್ತರದ ಫೈಲುಗಳು. ಬಾಗಿಲ ಬಳಿಯ ಮೇಜಿನಲ್ಲಿ ಗುಮಾಸ್ತ ಒಬ್ಬನೇ. ಬೆಂಚಿನ ಮೇಲೆ ಬಟ್ಟೆ ಇಸ್ತ್ರಿ ಮಾಡುವ ಹೆಂಗಸೊಬ್ಬಳು ಮಡಚಿದ ಕಾಗದವೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು.

ಸೆಕ್ಷನಪ್ಪ ನೋಟೀಸು ಮುಂದಿಟ್ಟ. ಗುಮಾಸ್ತ ಅದನ್ನು ನೋಡಿದ್ದೇ ಮುಖ ಅರಳಿಸಿದ.

"ಓ, ಈ ಕೇಸಾ? ಇಂಥ ಅರ್ಜಿ ನನ್ನ ಸರ್ವೀಸಲ್ಲೇ ನೋಡಿಲ್ಲ. ನಮ್ಮ ಲಾಯರಮ್ಮ ಓದಿ ಕನ್ನಡಕ ತೆಗೆದು ಒರೆಸ್ಕೊಂಡ್ರು. ಅವತ್ತೇ ಕೇಸು ತಗೊಂಡ್ಬಿಟ್ರು. ನೀವು ಯಾರು, ಸಾಕ್ಷಿನಾ?"

"ಪ್ರತಿವಾದಿ."

ಗುಮಾಸ್ತ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡ. ಕಲ್ಲಿಗೆ ಮೂಡಿದ ಕೈಕಾಲುಗಳನ್ನು ಒಂದು ಸಲ ನೋಡಿದ.

"ನನಗೂ ಒಬ್ಬ ವಕೀಲರು ಬೇಕು. ನಾನೂ ಬಡವನೇ. ರೇಷನ್ ಚೀಟಿ ತಂದಿದೀನಿ."

"ಚೀಟಿ ಸರಿ ಇದೆ. ಬಡವರೇ ನೀವು, ಅದರಲ್ಲಿ ಅನುಮಾನ ಇಲ್ಲ. ಆದರೆ ಒಬ್ಬ ವಕೀಲರು ಎರಡು ಕಡೆ ನಿಲ್ಲೋಕಾಗಲ್ಲವಲ್ಲ."

"ಎರಡನೇ ವಕೀಲರು?"

ಗುಮಾಸ್ತ ಫೈಲು ಹೊತ್ತ ಕುರ್ಚಿಯನ್ನು ತೋರಿಸಿದ. "ಹೋದ ವರ್ಷದವರೆಗೆ ಇದ್ರು. ಅನುದಾನ ಅರ್ಧ ಆಯ್ತು, ಕುರ್ಚಿ ಉಳೀತು, ಅವರು ಹೋದ್ರು. ಈಗ ಬಡವರು ಬಡವರು ಜಗಳ ಆಡಿದ್ರೆ ಮೊದಲು ಬಂದವರೇ ಬಡವರು. ಎರಡನೆಯವರು ಮುಂದಿನ ವರ್ಷದ ಅನುದಾನದವರೆಗೆ ಕಾಯ್ಬೇಕು."

"ಕೋರ್ಟು ಕಾಯಲ್ಲವಲ್ಲ. ಈ ತಿಂಗಳೇ ತಾರೀಕು."

"ಅದೇ ತೊಂದರೆ ನೋಡಿ," ಎಂದು ಗುಮಾಸ್ತ ಒಪ್ಪಿದ. ಪಾಪ, ಒಳ್ಳೆಯ ಮನುಷ್ಯ. "ಈ ಹೆಂಗಸಿನದ್ದೂ ಅದೇ. ಇರೋ ಒಂದು ಗೂಡು ಖಾಲಿ ಮಾಡು ಅಂತ ನೋಟೀಸು ಬಂದಿದೆ. ಲಾಯರಮ್ಮನ ಕೈತುಂಬ ಕೇಸು. ಒಂದು ಮುಗಿಯೋವರೆಗೆ ಹೊಸದು ತಗೊಳ್ಳೋ ಹಾಗಿಲ್ಲ. ನಾಲ್ಕು ದಿನದಿಂದ ಬಂದು ಕೂರ್ತಿದ್ದಾಳೆ."

ಆ ಹೆಂಗಸು ನಮ್ಮನ್ನು ನೋಡಿದಳು. ನಮ್ಮ ಕೇಸು ಬೇಗ ಮುಗಿಯಲಿ ಎಂಬುದು ಬಿಟ್ಟು ಆ ನೋಟದಲ್ಲಿ ಬೇರೇನೂ ಇರಲಿಲ್ಲ.

ಸೆಕ್ಷನಪ್ಪ ಮೇಜಿನ ಮೇಲೆ ಬಗ್ಗಿದ. "ನೋಡಿ, ಆ ಅರ್ಜಿಯಲ್ಲಿರೋದೆಲ್ಲ ಉತ್ಪ್ರೇಕ್ಷೆ."

"ಯಾರು ಹೇಳಿದ್ದು?"

"ನಾನೇ. ಬರೆದೋನೂ ನಾನೇ."

ಗುಮಾಸ್ತ ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ನಿಧಾನವಾಗಿ ಪೆನ್ನು ಕೆಳಗಿಟ್ಟ.

"ಅಂದ್ರೆ ನಿಮ್ಮ ಮೇಲೆ ನೀವೇ ಕೇಸು ಬರ್ದು, ನಮ್ಮಲ್ಲಿದ್ದ ಒಬ್ಬ ವಕೀಲರನ್ನ ಎದುರು ಕಡೆಯವರಿಗೆ ಕೊಡಿಸಿ, ಈಗ ನಿಮ್ಮಿಂದ ನಿಮ್ಮನ್ನ ಕಾಪಾಡೋಕೆ ಸರ್ಕಾರದ ದುಡ್ಡಲ್ಲಿ ಇನ್ನೊಬ್ಬರು ಬೇಕು ಅಂತೀರಿ."

"ಸಂಗತಿಯನ್ನ ಹಾಗೂ ಹೇಳಬಹುದು," ಎಂದ ಸೆಕ್ಷನಪ್ಪ.

"ಈಗ ಆ ಅರ್ಜಿ ಸುಳ್ಳು ಅಂತ ಮಾತ್ರ ಎಲ್ಲೂ ಹೇಳ್ಬೇಡಿ. ಬಡವರ ಪರಿಸ್ಥಿತಿ ಹೀಗಿದೆ, ಎರಡನೇ ವಕೀಲರಿಗೆ ಅನುದಾನ ಕೊಡಿ ಅಂತ ಮೇಲಿನ ಆಫೀಸಿಗೆ ಬರೆಯೋವಾಗ ಅದರ ನಕಲನ್ನೇ ಲಗತ್ತಿಸಿದೀವಿ." ಗುಮಾಸ್ತ ದನಿ ತಗ್ಗಿಸಿದ. "ನೀವು ಎಷ್ಟು ಕೆಟ್ಟವರಾಗಿರ್ತೀರೋ, ನಮಗೆ ಅಷ್ಟು ಒಳ್ಳೇದು."

ತಾರೀಕಿನ ದಿನ ನಾವೆಲ್ಲ ಹೋದೆವು. ದೊಡ್ಡಮ್ಮನೂ ಅವನ ಹೆಂಡತಿಯೂ ಒಂದೇ ಆಟೋದಲ್ಲಿ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಂದರು. ಸೆಕ್ಷನಪ್ಪ ಎದುರು ಕಕ್ಷಿಯಾದ್ದರಿಂದ ನಡೆದುಕೊಂಡು ಬಂದ. ಗುಮಾಸ್ತ ಬಾಗಿಲಲ್ಲೇ ಸಿಕ್ಕಿದ.

"ಮೇಲಿನಿಂದ ಉತ್ತರ ಬಂತು," ಎಂದ. "ಅರ್ಜಿಯ ಭಾಷೆ ಬಹಳ ಚೆನ್ನಾಗಿದೆಯಂತೆ. ಎಲ್ಲಾ ಅಧಿಕಾರಿಗಳೂ ಓದಿದರಂತೆ. ಅನುದಾನ ಮುಂದಿನ ವರ್ಷ ನೋಡೋಣ ಅಂದಿದ್ದಾರೆ."

ನ್ಯಾಯಾಧೀಶರು ವಯಸ್ಸಾದವರು, ನಿಧಾನಸ್ಥರು. ಅರ್ಜಿಯನ್ನು ಪೂರ್ತಿ ಓದಿದರು. ಓದುತ್ತ ಓದುತ್ತ ಕನ್ನಡಕದ ಮೇಲಿನಿಂದ ಸೆಕ್ಷನಪ್ಪನನ್ನು ಎರಡು ಸಲ ನೋಡಿದರು.

"ನಿಮ್ಮ ವಕೀಲರೆಲ್ಲಿ?"

"ಇಲ್ಲ ಸ್ವಾಮಿ. ಇರೋ ಒಬ್ಬರು ಅವರ ಕಡೆ ಇದ್ದಾರೆ."

"ಹೂಂ." ಅವರು ಪೆನ್ಸಿಲಿನಿಂದ ಏನೋ ಗುರುತು ಹಾಕಿಕೊಂಡು ದೊಡ್ಡಮ್ಮನನ್ನು ಕರೆದರು.

ಸಾಕ್ಷಿ ಕಟಕಟೆಗೆ ಎರಡು ಮೆಟ್ಟಿಲು. ದೊಡ್ಡಮ್ಮ ಮೊದಲನೆಯದರ ಮುಂದೆ ನಿಂತರು. ಕಟಕಟೆಯ ಮರ ಹಿಡಿದರು. ಬಲಗಾಲು ಎತ್ತಿದರು, ಇಟ್ಟರು, ಮತ್ತೆ ಎತ್ತಿದರು. ವಕೀಲೆ ಕೈಕೊಟ್ಟಳು, ಸೆಕ್ಷನಪ್ಪನ ಹೆಂಡತಿ ಓಡಿಬಂದು ಸೊಂಟ ಹಿಡಿದಳು. ಒಂದು ಮೆಟ್ಟಿಲು ಹತ್ತಿ ಅವರು ಕಣ್ಣು ಮುಚ್ಚಿ ನಿಂತರು, ಮುಖ ಬಿಳಿಚಿಕೊಂಡಿತ್ತು. ಕೋರ್ಟಿನಲ್ಲಿ ಫೈಲು ತಿರುವುತ್ತಿದ್ದವರೂ ಕೈ ನಿಲ್ಲಿಸಿದರು. ನಮ್ಮ ಮನೆಯ ಮೆಟ್ಟಿಲು ಹದಿನಾರು. ದಿನಕ್ಕೆ ಎರಡು ಸಲ, ಅವನ ನೆತ್ತಿಯ ಮೇಲೆ, ನನ್ನ ಶೆಡ್ಡಿನ ಪಕ್ಕದಲ್ಲಿ ಅವರು ಹತ್ತಿ ಇಳಿಯುತ್ತಿದ್ದರು.

"ಸಾಕು ದೊಡ್ಡಮ್ಮ, ಇಳೀರಿ," ಎಂದ ಸೆಕ್ಷನಪ್ಪ. ದನಿ ಅವನದಲ್ಲ ಎನ್ನುವ ಹಾಗಿತ್ತು. "ಸ್ವಾಮಿ, ಅವರನ್ನ ಹತ್ತಿಸ್ಬೇಡಿ. ಮನೆ ಬಿಟ್ಟುಕೊಡ್ತೀನಿ."

"ನಿಮ್ಮನ್ನು ಕಾಪಾಡೋಕೆ ವಕೀಲರಿಲ್ಲ. ಏನು ಹೇಳ್ತಿದೀರಿ ಅಂತ ಗೊತ್ತಿದೆಯಾ? ಬಿಟ್ಟು ಎಲ್ಲಿಗೆ ಹೋಗ್ತೀರಿ?"

"ಗೊತ್ತಿಲ್ಲ ಸ್ವಾಮಿ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ನ್ಯಾಯಾಧೀಶರು ದೊಡ್ಡಮ್ಮನ ಕಡೆ ತಿರುಗಿದರು. "ಕೆಳಗೇ ನಿಂತು ಹೇಳಿಯಮ್ಮ. ಇವರು ಕಲ್ಲೆದೆಯವರು ಅಂತ ಬರೆಸಿದೀರಿ."

"ಅಯ್ಯೋ, ನಾನಲ್ಲ ಸ್ವಾಮಿ, ಅದನ್ನ ಬರೆದದ್ದು ಅವನೇ. ನಾನು ಬೇಡ ಬೇಡ ಅಂದೆ."

ನ್ಯಾಯಾಧೀಶರು ಅರ್ಜಿಯನ್ನು ಮಡಚಿ ಪಕ್ಕಕ್ಕಿಟ್ಟರು. "ಅದು ಹಾಗಿರಲಿ. ನಿಮಗೆ ಕೆಳಗಿನ ಮನೆ ಬೇಕು. ನೀವು ಕೆಳಗೆ ಬಂದರೆ ಮಹಡಿಯಲ್ಲಿ ಯಾರಿರ್ತಾರೆ?"

"ಅವರೇ ಇರಲಿ ಅಂತ. ಬೇರೆ ಯಾರು ಇರ್ತಾರೆ ಸ್ವಾಮಿ? ಆ ಮಕ್ಕಳನ್ನ ನಾನೇ ಎತ್ತಿ ಬೆಳೆಸಿದ್ದು. ನೀವು ಮೇಲಕ್ಕೆ ಹೋಗಿ, ನಾನು ಕೆಳಕ್ಕೆ ಬರ್ತೀನಿ ಅಂತ ಎರಡು ವರ್ಷದಿಂದ ಹೇಳೋಕೆ ನೋಡ್ತಿದೀನಿ. ಬಾಯಿ ತೆಗೆದ್ರೆ ಸೆಕ್ಷನ್ ಹೇಳ್ತಾನೆ."

"ನಿಮ್ಮ ಕಕ್ಷಿದಾರರು ಕೇಳ್ತಿರೋದು ಅದಲು ಬದಲು," ಎಂದರು ನ್ಯಾಯಾಧೀಶರು ವಕೀಲೆಗೆ. "ಅರ್ಜಿಯಲ್ಲಿ ಅದು ಎಲ್ಲಿದೆ?"

ವಕೀಲೆ ಐದು ಹಾಳೆ ತಿರುವಿದಳು. "ಅದಕ್ಕೆ ಜಾಗ ಸಾಕಾಗಿಲ್ಲ ಅನ್ಸುತ್ತೆ ಸ್ವಾಮಿ."

ಕೋರ್ಟು ನಕ್ಕಿತು. ಸೆಕ್ಷನಪ್ಪ ಮಾತ್ರ ನಗಲಿಲ್ಲ. "ಮೇಲಕ್ಕೆ ಹೋಗೋಕೆ ನಾನು ತಯಾರು ಸ್ವಾಮಿ, ಈ ಕ್ಷಣ. ಪ್ರೆಸ್ ಹೋಗಲ್ಲ. ಅಷ್ಟು ಭಾರಕ್ಕೆ ಮರದ ಮೆಟ್ಟಿಲು ಮುರಿದು ಬೀಳುತ್ತೆ. ಅದಿಲ್ಲದಿದ್ರೆ ಕೆಲಸ ಇಲ್ಲ."

"ಕೆಳಗೆ ಬೇರೆ ಜಾಗ ಇಲ್ಲವಾ?"

ದೊಡ್ಡಮ್ಮ ತಿರುಗಿ ನನ್ನನ್ನು ನೋಡಿದರು. ಅವನ ಹೆಂಡತಿ ನೋಡಿದಳು. ಗುಮಾಸ್ತ ನೋಡಿದ. ಕೊನೆಗೆ ನ್ಯಾಯಾಧೀಶರೂ ನೋಡಿದರು. ನಾನು ವಾದಿಯಲ್ಲ, ಪ್ರತಿವಾದಿಯಲ್ಲ, ಸಾಕ್ಷಿಯೂ ಅಲ್ಲ. ಸುಮ್ಮನೆ ಗೋಡೆಗೊರಗಿ ನಿಂತವನು. ಸೆಕ್ಷನಪ್ಪ ಒಬ್ಬನೇ ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದ. ನೋಡಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆನೋ ಏನೋ.

"ಶೆಡ್ಡಲ್ಲಿ ಅರ್ಧ ಕೊಡ್ತೀನಿ," ಅಂದೆ. "ಆದರೆ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಸುತ್ತಿಗೆ ಎತ್ತೋ ಹಾಗಿಲ್ಲ."

"ಬರ್ಕೊಳ್ಳಿ," ಎಂದರು ನ್ಯಾಯಾಧೀಶರು. ರಾಜಿಪತ್ರದಲ್ಲಿ ಅದು ನಾಲ್ಕನೆಯ ಷರತ್ತಾಗಿ ಬಂತು, ನನ್ನ ಸ್ಪ್ರಿಂಗುಗಳಿಗೂ ಕಾನೂನಿನಲ್ಲಿ ಒಂದು ಜಾಗ ಸಿಕ್ಕಿತು. ಅವನಿಗೆ ವಕೀಲರಿಲ್ಲದ್ದರಿಂದ ನ್ಯಾಯಾಧೀಶರೇ ಒಂದೊಂದು ಸಾಲನ್ನೂ ಓದಿ, "ಅರ್ಥವಾಯ್ತಾ?" ಎಂದು ಕೇಳಿದರು. ಒಂದೊಂದಕ್ಕೂ ಅವನು, "ಆಯ್ತು ಸ್ವಾಮಿ," ಎಂದ. ಬೇರೊಂದು ಮಾತು ಸೇರಿಸಲಿಲ್ಲ.

ಹೊರಗೆ ವರಾಂಡದ ಮೇಜಿನಲ್ಲಿ ರುಜು ಹಾಕಿದ್ದಾಯಿತು. ಹೆಂಡತಿ ದೊಡ್ಡಮ್ಮನನ್ನು ಆಟೋ ಹತ್ತಿಸಲು ಕರೆದುಕೊಂಡು ಹೋದಳು. ಮನೆ ಉಳಿದದ್ದಕ್ಕೆ ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಸೆಕ್ಷನಪ್ಪ ವಕೀಲೆಯ ಎದುರಿನ ಕುರ್ಚಿಯಲ್ಲಿ ಕೂತೇ ಇದ್ದ. ಜೀವ ತಿರುಗಿ ಬಂದಿತ್ತು, ಜೊತೆಗೆ ಭಾಷೆಯೂ ಬಂದಿತ್ತು. ಗಂಟಲು ಸರಿಮಾಡಿಕೊಂಡ.

"ಮಾನ್ಯ ವಕೀಲರೇ, ಎದುರು ಪಕ್ಷದವರಾಗಿದ್ದರೂ ತಾವು ತೋರಿದ ಔದಾರ್ಯ ಇದೆಯಲ್ಲ, ಅದಕ್ಕೆ ಸಂಬಂಧಪಟ್ಟ ಹಾಗೆ ಒಂದು ಹಳೆಯ ಮೊಕದ್ದಮೆ..."

ವಕೀಲೆ ಆಗಲೇ ನಮ್ಮ ಫೈಲು ಕಟ್ಟಿ ಪಕ್ಕಕ್ಕಿಟ್ಟು ಖಾಲಿ ಹಾಳೆ ತೆಗೆದಿದ್ದಳು. ಇಸ್ತ್ರಿ ಹೆಂಗಸು ಸೆರಗಿನಿಂದ ನೋಟೀಸು ಬಿಚ್ಚಿಕೊಂಡು ಅವನ ಹಿಂದೆ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ನಾವು ನೋಡಿರಲಿಲ್ಲ.

"ಅಣ್ಣಾ," ಎಂದಳು, "ನಿಮ್ಮದು ಮುಗೀತಲ್ಲ. ಸ್ವಲ್ಪ ಜಾಗ ಬಿಡ್ತೀರಾ?"

ಅವನು ಬಾಯಿ ಮುಚ್ಚಿಕೊಂಡು ಎದ್ದ. ಕುರ್ಚಿಯನ್ನು ಅವಳ ಕಡೆ ತಿರುಗಿಸಿ ಇಟ್ಟ. ಒಂಬತ್ತು ವರ್ಷದಲ್ಲಿ ಅವನು ಒಂದೇ ಮಾತಿಗೆ ಜಾಗ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.